ಮಣ್ಣು ಕೊಟ್ಟ ಹಕ್ಕಿಗಳು

ಹೊತ್ತು ಮೂಡಿತ್ತು, ಬಿಸಿಲು ಇನ್ನೂ ಚುರುಕಾಗಿರಲಿಲ್ಲ. ಸುಮಲತಾ ಕೆಂಚನಗುಡ್ಡ ಹತ್ತಿ ಬರುವ ಹೊತ್ತಿಗೆ ಗಾಳಿಫ್ಯಾನೊಂದರ ಬುಡದಲ್ಲಿ ಮುಬಶ್ಶಿರ ಬಗ್ಗಿ ಬಗ್ಗಿ ಏನನ್ನೋ ಹುಡುಕುತ್ತಿದ್ದ. ಮೇಲೆ ಅಲಗುಗಳು ದೊಡ್ಡ ದನ ಉಸಿರು ಬಿಟ್ಟಂತೆ ಸದ್ದು ಮಾಡುತ್ತಾ ತಿರುಗುತ್ತಿದ್ದವು.

"ಏನು ಕಳ್ಕೊಂಡೀ ತಮ್ಮಾ?"

"ಏನಿಲ್ಲಕ್ಕಾ." ಅವನು ಸೊಂಟ ನೆಟ್ಟಗೆ ಮಾಡಿದ. "ನಿನ್ನಿ ಇಲ್ಲೆ ಏನರ ಸಿಕ್ಕಿತ್ತೇನ್ರಿ?"

"ಇಲ್ಲ."

"ಏನೂ ಇಲ್ಲ?"

"ಸೊನ್ನಿ ಅಂತ ಹಾಕೀನಲ್ಲ."

ಸತ್ತ ಹಕ್ಕಿಗಳನ್ನು ಹುಡುಕುವುದು ಸುಮಲತಾಳ ಕೆಲಸ. ಗುಡ್ಡದ ಬೆನ್ನ ಮೇಲೆ ಸಾಲಾಗಿ ನಿಂತ ಫ್ಯಾನುಗಳ ಕೆಳಗೆ, ಹೊಲದಲ್ಲಿ ಸಾಲು ಹೊಡೆದ ಹಾಗೆ ಆ ಕಡೆಯಿಂದ ಈ ಕಡೆಗೆ ನಡೆಯಬೇಕು, ಕಣ್ಣು ನೆಲದ ಮೇಲಿಟ್ಟುಕೊಂಡು. ಅಲಗಿಗೆ ಬಡಿದು ಸತ್ತ ಹಕ್ಕಿಯೋ ಬಾವಲಿಯೋ ಕಂಡರೆ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಬೇಕು. ಮುಟ್ಟುವ ಹಾಗಿಲ್ಲ. ಅಲ್ಲೇ ಬಿಟ್ಟು ಮುಂದಕ್ಕೆ ಹೋಗಬೇಕು.

ಗಾಳಿಯಿಂದ ಕರೆಂಟು ಮಾಡುವ ಈ ಫ್ಯಾನುಗಳ ಕಂಪನಿ ದೊಡ್ಡದು, ಟೀವಿಯಲ್ಲಿ ಬರುವಂಥದ್ದು. ನೀರು ಉಳಿಸುವವರ ಒಕ್ಕೂಟ, ಹವಾಮಾನ ಕಾಯುವವರ ಒಕ್ಕೂಟ, ಹಕ್ಕಿ ಕಾಯುವವರ ಒಕ್ಕೂಟ ಎಂದು ಎಲ್ಲದರಲ್ಲೂ ಅದು ಸದಸ್ಯ. ಹಕ್ಕಿ ಒಕ್ಕೂಟದ ಕರಾರಿನಂತೆ ಸತ್ತ ಹಕ್ಕಿಗಳನ್ನು ಕಂಪನಿಯೇ ಎಣಿಸಿಕೊಳ್ಳುವ ಹಾಗಿಲ್ಲ, ಹೊರಗಿನ ಪರಿಸರ ಸಂಸ್ಥೆಯೊಂದು ಎಣಿಸಬೇಕು. ಆ ಸಂಸ್ಥೆಯ ಖರ್ಚು ಹೊರುವುದು ಮಾತ್ರ ಕಂಪನಿ. ಸುಮಲತಾ ಕೊಟ್ಟೂರಿನಲ್ಲಿ ಬಿ.ಎ. ಓದಿದವಳು, ಸಂಸ್ಥೆಯ ಕೈಕೆಳಗೆ ಗುಡ್ಡ ತಿರುಗುವವಳು. ಮುಬಶ್ಶಿರ ಎಂ.ಎಸ್ಸಿ. ಮಾಡಿದ ಹುಡುಗ, ಅವಳು ಕಳಿಸಿದ್ದನ್ನು ತಪಾಸಣೆ ಮಾಡುವವನು.

ಅವನು ಫ್ಯಾನಿನ ಕಟ್ಟೆಯ ಮೇಲೆ ಕೂತ.

"ಅಕ್ಕಾ, ಸಿಟ್ಟಾಗಬ್ಯಾಡ್ರಿ. ಮೊನ್ನಿ ಸಂಜಿಮುಂದ ನಾನೇ ಇಲ್ಲೆ ಸತ್ತ ಹಕ್ಕಿ ಇಟ್ಟು ಹೋಗಿದ್ದೆ. ಎಲ್ಲಾ ಕಡಿ ಹಿಂಗ ಮಾಡ್ತಾರ. ಹುಡುಕೋರ ಕಣ್ಣಿಗೆ ಬೀಳ್ತಾವೋ ಇಲ್ಲೋ ಅಂತ ಒಂದು ಪರೀಕ್ಷಾ. ನರಿ ಒಯ್ದಿದ್ರ ಪುಕ್ಕ ಆದ್ರೂ ಬಿದ್ದಿರಬೇಕು. ಒಂದು ಪುಕ್ಕ ಇಲ್ಲ."

ಸುಮಲತಾ ಕೈಯಲ್ಲಿದ್ದ ಕೋಲನ್ನು ಕಟ್ಟೆಗೆ ಆನಿಸಿಟ್ಟಳು.

"ಕಾಲಿಗೆ ಕೆಂಪು ದಾರ ಕಟ್ಟಿದ್ದವಾ?"

ಮುಬಶ್ಶಿರ ತಲೆ ಎತ್ತಿದ. "ಎಲ್ಲಿ ಅದಾವ?"

ಅವಳು ತಂಗಡಿ ಗಿಡಗಳ ಕಡೆಗೆ ನಡೆದಳು. ಅಲ್ಲಿ ನೆರಳಿನಲ್ಲಿ ಹಸಿ ಮಣ್ಣಿನ ಪುಟ್ಟ ಗುಡ್ಡೆ. ಮೇಲೊಂದು ಬಿಳಿ ಕಲ್ಲು, ಕಲ್ಲಿಗೆ ಬೆರಳಲ್ಲಿ ಎಳೆದ ವಿಭೂತಿ, ಬಾಡಿದ ತಂಗಡಿ ಹೂವು.

"ಮಣ್ಣು ಕೊಟ್ಟೀರೇನು?" ಎಂದ ಅವನು. ಆಮೇಲೆ ನಗು ತಡೆಯಲಾಗಲಿಲ್ಲ. "ಅವು ಫಾರಂ ಗೌಜುಗ ಅಕ್ಕಾ. ಚಿಕನ್ ಅಂಗಡ್ಯಾಗ ತಂದಿದ್ದು. ಗುರ್ತು ಇರಲಿ ಅಂತ ದಾರ ಕಟ್ಟಿದ್ದೆ."

"ನನಗೇನು ಗೊತ್ತಪಾ. ನಮ್ಮನ್ಯಾಗ ಯಾರು ಅದನ್ನ ತರ್ತಾರ. ಯಾರೋ ಹರಕಿಗೆ ಬಿಟ್ಟ ಹಕ್ಕಿ ಅಂತ ತಿಳಕೊಂಡೆ."

ಅವನ ನಗು ಅರ್ಧಕ್ಕೇ ನಿಂತಿತು. ತಂಗಡಿ ಗಿಡಗಳ ಸಾಲಿನುದ್ದಕ್ಕೂ ಅಂಥವೇ ಗುಡ್ಡೆಗಳಿದ್ದವು. ಕೆಲವು ಹಳೆಯವು, ಹುಲ್ಲು ಬೆಳೆದವು. ಕೆಲವು ಉದ್ದವಾಗಿದ್ದವು.

"ಇವೆಲ್ಲಾ?"

"ಇವೆಲ್ಲಾ," ಎಂದಳು ಸುಮಲತಾ.

ಅವಳ ಗಂಡ ಪ್ರವೀಣಕುಮಾರ್ ಇದೇ ಗುಡ್ಡದಲ್ಲಿ ಕಾವಲುಗಾರನಾಗಿದ್ದ. ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಬರುವಾಗ ಇಟ್ಟಿಗಿ ರಸ್ತೆಯಲ್ಲಿ ಟಿಪ್ಪರು ಹೊಡೆದು ಹೋಯಿತು. ಬಿದ್ದ ಜಾಗ ಎರಡು ಠಾಣೆಗಳ ಸರಹದ್ದಿನ ಮೇಲಿತ್ತು. ತಲೆ ಆ ಕಡೆಗೆ, ಕಾಲು ಈ ಕಡೆಗೆ ಎಂದು ಇಬ್ಬರೂ ವಾದಿಸುತ್ತಾ ನಿಂತರು. ಮಧ್ಯಾಹ್ನದ ಬಿಸಿಲಿನವರೆಗೂ ಅವನನ್ನು ಯಾರೂ ಎತ್ತಲಿಲ್ಲ. ಹೋಗುವ ಬರುವ ಮಂದಿ ಮೊಬೈಲು ತೆಗೆದು ಫೋಟೋ ಹೊಡೆದರು. ಸುಮಲತಾಳಿಗೆ ಗಂಡನ ಸಾವಿನ ಸುದ್ದಿ ಬಂದದ್ದು ಆ ಫೋಟೋದಿಂದ, ಊರಿನ ಮಹಿಳಾ ಸಂಘದ ವಾಟ್ಸಾಪ್ ಗುಂಪಿನಲ್ಲಿ. ಯಾರೋ ಕೆಳಗೆ ಕೇಳಿದ್ದರು, ಇವರು ಯಾರ ಮನೆಯವರು ಅಂತ ಗೊತ್ತೇ.

ಅವಳು ಅಲ್ಲಿಗೆ ಹೋಗಿ ಮುಟ್ಟುವ ಹೊತ್ತಿಗೆ ಅವನ ಮೇಲೆ ಒಂದು ಚಾದರವಿತ್ತು. ರಸ್ತೆಬದಿಯ ಗ್ಯಾರೇಜಿನ ಇಸಾಕಸಾಬ ತನ್ನ ಹಾಸಿಗೆಯ ಮೇಲಿಂದ ಎಳೆದು ತಂದು ಹೊದಿಸಿದ್ದ. ಸರಹದ್ದಿನ ತಂಟೆ ಮುಗಿಯುವ ಮುಂಚೆ ಮುಟ್ಟಬೇಡ ಎಂದು ಪೊಲೀಸಿನವರು ಬೈದರೂ ಅವನು ಚಾದರ ತೆಗೆಯಲಿಲ್ಲವಂತೆ. ಮುಬಶ್ಶಿರ ಆ ಇಸಾಕಸಾಬನ ಮಗ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಗೆ ಮೊದಲು ಸಿಕ್ಕಿದ್ದು ಒಂದು ನೀಲಕಂಠ. ಒಂದು ರೆಕ್ಕೆ ಕತ್ತರಿಸಿ ಬೇರೆ ಬಿದ್ದಿತ್ತು. ಎದೆಯ ಮೇಲೆ ಇರುವೆ ಹತ್ತಿದ್ದವು. ಅವಳು ಮೊಬೈಲು ತೆಗೆದು ಹಕ್ಕಿಯ ಮೇಲೆ ಹಿಡಿದಳು. ಕೈ ಮುಂದಕ್ಕೆ ಹೋಗಲಿಲ್ಲ. ಬಿಟ್ಟು ಮುಂದಕ್ಕೆ ಹೋಗೋಣವೆಂದರೆ ಕಾಲೂ ಹೋಗಲಿಲ್ಲ. ಕೊನೆಗೆ ಕೋಲಿನಿಂದ ಮೊರಂ ಮಣ್ಣು ಕೆದಕಿದಳು. ಅವತ್ತು ಬಹಳ ಹೊತ್ತು ಕೆದಕಿ, ಆಳವಾಗಿ ತೋಡಿ, ರೆಕ್ಕೆಯನ್ನು ಮೈಗೆ ಹೊಂದಿಸಿಟ್ಟು, ಮೇಲೆ ಅಗಲದ ಬಂಡೆಗಲ್ಲು ಎಳೆದಳು. ತನ್ನ ಹಣೆಯ ವಿಭೂತಿಯನ್ನೇ ಬೆರಳಿನಿಂದ ತೆಗೆದು ಕಲ್ಲಿಗೆ ಹಚ್ಚಿದಳು. ಮೊಬೈಲು ಫೋಟೋ ಕೇಳಿತು. ಇಲ್ಲದ ಫೋಟೋ ಎಲ್ಲಿಂದ ತರುವುದು? ಸೊನ್ನೆ ಒತ್ತಿದಳು.

ಮುಂದೆ ಅದೇ ರೂಢಿಯಾಯಿತು. ಬಾವಲಿಗಳು, ಗಿಡುಗಗಳು, ಒಂದು ಗೂಬೆ. ಸೊನ್ನೆಯಿಂದ ಯಾರಿಗಾದರೂ ಏನಾದರೂ ಆಗಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ಹೊಳೆಯುವ ಜಾಗವೇ ಅವಳಲ್ಲಿ ಜೋಮು ಹಿಡಿದಿತ್ತು.

"ಹದ್ದು ಇದ್ದವೇನ್ರಿ ಇದರಾಗ?" ಎಂದು ಮುಬಶ್ಶಿರ ಕೇಳಿದ.

"ಅದಾವ. ಮಳಿಗಾಲದಾಗ ಬಿದ್ದಿದ್ದು. ಇವು ಉದ್ದನವು, ಹದ್ದಿನವು."

ಅವನು ಹಣೆ ಹಿಡಿದುಕೊಂಡ. ಎದುರಿಗೆ, ಕಣಿವೆಯ ಆಚೆ, ಹದ್ದಿನ ಬಂಡೆ ಬಿಸಿಲಿಗೆ ಕೆಂಪಾಗಿತ್ತು. ಬಂಡೆಯ ಕೊರಕಲಿನಲ್ಲಿ ಹದ್ದುಗಳ ಜೋಡಿಯೊಂದು ಗೂಡು ಕಟ್ಟಿ ಮರಿ ಮಾಡಿತ್ತು. ಮೇವು ತರುವ ತಾಯಿಹದ್ದನ್ನು ಸುಮಲತಾ ದಿನಾ ನೋಡುತ್ತಿದ್ದಳು.

"ಆ ಬಂಡಿ ಮ್ಯಾಲ ಎರಡನೇ ಸಾಲು ಹಾಕ್ತಾರಕ್ಕಾ. ಬರೋ ವಾರ ಹಕ್ಕಿ ಒಕ್ಕೂಟದೋರು ಬರ್ತಾರ. ಇಲ್ಲಿ ಹದ್ದು ಸತ್ತಾವ ಅಂದ್ರ ಅಲ್ಲಿ ಫ್ಯಾನ್ ಹಾಕಂಗಿಲ್ಲ, ಕರಾರಿನಾಗ ಬರದೈತಿ. ಸತ್ತಿಲ್ಲ ಅಂದ್ರ ಹಾಕಬಹುದು. ನಿಮ್ಮ ಸೊನ್ನಿ ನೋಡಿ ಒಪ್ಪಿಗಿ ಕೊಡಾಕ ಬರಾಕತ್ಯಾರ." ಗುಡ್ಡೆಗಳ ಕಡೆಗೆ ಕೈ ಮಾಡಿ ಹೇಳಿದ: "ಎಲುಬು ತೋರಿಸಿದ್ರ ಆ ಕೆಲಸ ನಿಲ್ತೈತಿ. ತೆಗಿಬೇಕಾಗ್ತೈತ್ರಿ."

ಸುಮಲತಾ ಕೋಲು ತೆಗೆದುಕೊಂಡು ಮುಂದಿನ ಫ್ಯಾನಿನ ಕಡೆಗೆ ಹೋದಳು.

ಸಂಜೆ ಅತ್ತೆ ಅನ್ನದಾನಮ್ಮ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮನೆಯಲ್ಲಿ ಇರುವುದು ಅವರಿಬ್ಬರೇ. ಸೊಸೆ ಹೇಳಿದ್ದನ್ನೆಲ್ಲಾ ಕೇಳಿ ಕೈ ನಿಲ್ಲಿಸಿದಳು.

"ಕೋಳಿಗೆ ಇಬೂತಿ ಹಚ್ಚಿ ಬಂದೀ?"

"ಕೋಳಿ ಅಲ್ಲತ್ತೀ, ಗೌಜುಗ."

"ದೊಡ್ಡ ಫರಕು. ಮಠದ ಸ್ವಾಮಿಗೋಳ್ನ ಒಂದು ಕರೀಬೇಕಿತ್ತು, ಪಾದಪೂಜಿ ಮಾಡಿ ಕಳಸ್ತಿದ್ವಿ. ಸಾಬರ ಹುಡುಗ ನಗಲಿಲ್ಲೇನು?"

"ನಕ್ಕ."

"ನಗದ ಏನು ಮಾಡ್ತಾನ." ಅನ್ನದಾನಮ್ಮ ಮತ್ತೆ ಶೇಂಗಾ ಒಡೆದಳು. ಒಡೆದದ್ದನ್ನು ತಟ್ಟೆಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡಳು. "ಮಣ್ಣು ಕೊಟ್ಟಿದ್ದನ್ನ ಹೊಳ್ಳಿ ತೆಗಿಬಾರದು ಸುಮಾ. ಹಕ್ಕಿ ಆದ್ರೇನು. ನಾಳಿ ಯಾವನೋ ಬಂದು, ನಿನ್ನ ಗಂಡನ್ನ ತೆಗಿ, ನೋಡಬೇಕು ಅಂದ್ರ ಬಿಡ್ತೀಯೇನು?"

"ತೆಗಿಲಿಲ್ಲಂದ್ರ ಆ ಬಂಡಿ ಮ್ಯಾಲಿನವೂ ಸಾಯ್ತಾವಂತ್ರಿ."

"ಅವೇನು ನಿನ್ನ ಮಕ್ಕಳಾ?"

ಸುಮಲತಾ ಶೇಂಗಾದ ಸಿಪ್ಪೆಗಳನ್ನು ಒಟ್ಟು ಮಾಡತೊಡಗಿದಳು. ಮಕ್ಕಳಾಗುವಷ್ಟು ದಿನ ಅವಳು ಸಂಸಾರ ಮಾಡಿರಲಿಲ್ಲ. ಆಡಿದ ಮಾತು ತನಗೇ ಚುಚ್ಚಿತೇನೋ, ಅನ್ನದಾನಮ್ಮ ಎದ್ದು ಒಳಗೆ ಹೋದಳು.

ಮಾರನೇ ದಿನ ಗುಡ್ಡದಿಂದ ನೋಡಿದಾಗ ಹದ್ದಿನ ಮರಿ ಬಂಡೆಯ ಅಂಚಿಗೆ ಬಂದು ನಿಂತಿತ್ತು. ಹಾರಲಿಲ್ಲ. ಗಾಳಿಗೆ ರೆಕ್ಕೆ ಬಿಚ್ಚಿ ಹಾಗೇ ನಿಂತು, ಹೆದರಿ ಒಳಗೆ ಸರಿಯಿತು. ಮತ್ತೆ ಬಂತು. ಸುಮಲತಾ ಅವತ್ತು ಒಂದು ಫ್ಯಾನಿನ ಸುತ್ತ ನಡೆಯುವುದನ್ನೇ ಮರೆತಳು. ಇಳಿಯುವಾಗ ಮುಬಶ್ಶಿರನಿಗೆ ಫೋನು ಮಾಡಿ, ನಾಳೆ ಗುದ್ದಲಿ ತಗೊಂಡು ಬಾ ಎಂದಳು.

ಬೆಳಿಗ್ಗೆ ಹೊರಡುವಾಗ ಚೀಲದಲ್ಲಿ ಬುತ್ತಿಯ ಪಕ್ಕ ಒಂದು ವಿಭೂತಿ ಗಟ್ಟಿ ಇತ್ತು. ಅನ್ನದಾನಮ್ಮ ಒಲೆಯ ಮುಂದಿನಿಂದ ತಿರುಗಲಿಲ್ಲ.

"ತೆಗಿಯೋ ಮುಂದ ಅವುಕ್ಕ ಒಂದು ಮಾತು ಹೇಳು. ಹೇಳದ ಕೈ ಹಚ್ಚಬ್ಯಾಡ."

ಮುಬಶ್ಶಿರ ಗುದ್ದಲಿಯ ಜೊತೆಗೆ ಬಿಳಿ ಬಟ್ಟೆಯೊಂದನ್ನು ತಂದಿದ್ದ. "ಅಪ್ಪಾಗ ಹೇಳಿದ್ನಿರಿ. ಇದನ್ನ ಕೊಟ್ಟು ಕಳ್ಸ್ಯಾರ, ನೆಲದ ಮ್ಯಾಲ ಹಂಗ ಇಡಬ್ಯಾಡ್ರಿ ಅಂತ."

ಬಟ್ಟೆ ಹಾಸಿದರು. ಸುಮಲತಾ ಮೊದಲನೇ ಉದ್ದ ಗುಡ್ಡೆಯ ಮುಂದೆ ಮೊಣಕಾಲೂರಿ, ಗಾಳಿಗೆ ಕೇಳಿಸದಷ್ಟು ಮೆಲ್ಲಗೆ ಒಂದು ಮಾತು ಹೇಳಿ, ಕೈಯಿಂದಲೇ ಮಣ್ಣು ಸರಿಸಿದಳು. ಮೊಣಕೈ ಮುಳುಗುವವರೆಗೂ ಸರಿಸಿದಳು. ಸಡಿಲ ಮಣ್ಣು ಮುಗಿದು ಗಟ್ಟಿ ಮೊರಂ ಸಿಕ್ಕಿತು. ನಡುವೆ ಏನೂ ಇರಲಿಲ್ಲ.

"ಬಾಜೂದಾಗ ಇರಬೇಕು ನೋಡ್ರಿ."

ಬಾಜುವಿನಲ್ಲಿ ಒಂದು ಬಿಲವಿತ್ತು, ಓರೆಯಾಗಿ ಹೊರಗಿನಿಂದ ಒಳಕ್ಕೆ ತೋಡಿದ್ದು. ಬಿಲದ ಬಾಯಲ್ಲಿ ಎರಡು ಕಂದು ಪುಕ್ಕ, ಮಣ್ಣು ಮೆತ್ತಿಕೊಂಡು.

ಎರಡನೆಯದೂ ಹಾಗೇ. ಗೂಬೆಯದೂ ಹಾಗೇ. ಗಿಡುಗಗಳ ಜಾಗದಲ್ಲಿ ಪುಕ್ಕವೂ ಇರಲಿಲ್ಲ. ಮಳೆಗಾಲದಲ್ಲಿ ಗುಡ್ಡೆಗಳು ಕುಸಿದದ್ದು ಅವಳಿಗೆ ನೆನಪಾಯಿತು. ಮಳೆಯ ಕೆಲಸ ಎಂದುಕೊಂಡು ಪ್ರತಿ ಸಲವೂ ಮಣ್ಣು ಎಳೆದು, ಕಲ್ಲು ಸರಿಮಾಡಿ, ವಿಭೂತಿ ಹಚ್ಚಿ, ಹೊಸ ಹೂವು ಇಟ್ಟು ಹೋಗಿದ್ದಳು. ಅಷ್ಟರಲ್ಲಾಗಲೇ ನರಿ ಬಂದು ಹೋಗಿತ್ತು. ಖಾಲಿ ಗುಂಡಿಗಳನ್ನು ಅವಳು ಇಷ್ಟು ದಿನ ಮುಚ್ಚಿದ್ದಳು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬಟ್ಟೆಯ ಮೇಲೆ ಬಂದದ್ದು ಇಷ್ಟು: ಆ ಕೆಲವು ಪುಕ್ಕ, ಕೆಂಪು ದಾರದ ಗೌಜುಗಗಳು, ಮತ್ತು ಬಂಡೆಗಲ್ಲಿನ ಕೆಳಗೆ ಇಟ್ಟದ್ದು ಇಟ್ಟ ಹಾಗೇ ಇದ್ದ ನೀಲಕಂಠ. ಎಲುಬಿಗೆ ಅಂಟಿದ ನೀಲಿ ಇನ್ನೂ ಮಾಸಿರಲಿಲ್ಲ.

ಮುಬಶ್ಶಿರ ಗುದ್ದಲಿ ಒರೆಸಿ ಇಟ್ಟ. ಆಮೇಲೆ, "ನೀವು ಕಣ್ಣಾರೆ ನೋಡಿದ್ದನ್ನ ನೀವೇ ಅವರಿಗೆ ಹೇಳ್ರಿ," ಎಂದ.

ಒಕ್ಕೂಟದ ಮಂದಿ ಒಳ್ಳೆಯವರು. ಪ್ಲಾಸ್ಟಿಕ್ ಬಾಟಲಿ ಮುಟ್ಟಲಿಲ್ಲ. ತಮ್ಮ ತಮ್ಮ ಸ್ಟೀಲಿನ ಬಾಟಲಿ ತಂದಿದ್ದರು. ಹಿರಿಯ ಹೆಂಗಸೊಬ್ಬರು ಫ್ಯಾನಿನ ನೆರಳಿನಲ್ಲಿ ಸುಮಲತಾಳ ಪಕ್ಕದಲ್ಲೇ ನೆಲದ ಮೇಲೆ ಕೂತರು. ಅವಳ ಗಂಡನ ವಿಷಯ ಅವರಿಗೆ ಮೊದಲೇ ತಿಳಿದಿತ್ತು. ಎರಡೂ ಕೈ ಹಿಡಿದುಕೊಂಡು, ನಿಮ್ಮ ಮನಸ್ಸು ನಮಗೆ ಅರ್ಥವಾಗುತ್ತದೆ ಎಂದರು. ಕಂಪನಿಯ ಕಡೆಯಿಂದ ಗುಡ್ಡದ ಉಸ್ತುವಾರಿ ನೋಡುವ ಅಂಜಿನೇಯಲು ಕೈಕಟ್ಟಿ ನಿಂತಿದ್ದ. ಪ್ರವೀಣಕುಮಾರ್ ಹೋದ ಮೇಲೆ ಈ ಕೆಲಸ ಕೊಡಿಸಿದವನು ಅವನೇ. ಅವಳ ಮುಖ ನೋಡುವುದನ್ನು ಅವನು ತಪ್ಪಿಸುತ್ತಿದ್ದ.

"ಹದ್ದು ಇದ್ದವ್ರಿ," ಎಂದಳು ಸುಮಲತಾ. "ನಾನೇ ಈ ಕೈಲೆ ಎತ್ತೀನಿ. ಒಂದರ ಕುತ್ತಿಗಿ ಮುರದಿತ್ತು. ಒಂದು ನಾ ಬಂದಾಗ ಇನ್ನಾ ಬೆಚ್ಚಗಿತ್ತು."

ಮುಬಶ್ಶಿರ ಇಂಗ್ಲಿಷಿನಲ್ಲಿ ಹೇಳಿದ. ಒಬ್ಬರು ಬರೆದುಕೊಂಡರು. ಆ ಹೆಂಗಸು ಪುಕ್ಕಗಳನ್ನು ಬೆಳಕಿಗೆ ಹಿಡಿದು ನೋಡಿ, ಹದ್ದಿನವೇ ಇರಬಹುದು ಎಂದರು. ಆದರೆ ಹಾರುವ ಹಕ್ಕಿಯಿಂದಲೂ ಪುಕ್ಕ ಉದುರುತ್ತದೆ. ಫೋಟೋ ಇಲ್ಲ, ಮೈ ಇಲ್ಲ. ನಾವು ನಿಮ್ಮನ್ನು ನಂಬುತ್ತೇವಮ್ಮಾ, ನಿಯಮ ನಂಬುವುದಿಲ್ಲ ಎಂದರು. ಹೇಳುವಾಗ ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ನೀಲಕಂಠವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದು ಎಲ್ಲೆಲ್ಲೂ ಇರುವ ಹಕ್ಕಿ, ಅದಕ್ಕಾಗಿ ಏನನ್ನೂ ನಿಲ್ಲಿಸಬೇಕಾಗಿಲ್ಲ.

ಸೊನ್ನೆ ಇದ್ದಲ್ಲಿ ಒಂದು ಆಯಿತು.

ಅಂಜಿನೇಯಲು ಉಸಿರು ಬಿಟ್ಟ. ಅವನ ಹಿಂದಿನಿಂದ ಕಂಪನಿಯ ಫೋಟೋದವನು ಮುಂದೆ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದ.

"ಅಮ್ಮಾ, ಆ ಹಕ್ಕೀನ ಬಟ್ಟಿ ಸಮೇತ ಕೈಯಾಗ ಹಿಡ್ಕೊಂಡು ನಿಲ್ಲಬೇಕಂತ್ರಿ. ಒಂದೇ ಫೋಟೋ," ಎಂದ ಅಂಜಿನೇಯಲು.

"ಬ್ಯಾಡ್ರಿ."

"ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಮ್ಮಾ. ಸೊನ್ನಿ ಸೊನ್ನಿ ಅಂತ ಸುಳ್ಳು ಹಾಕ್ಯಾರ ಅಂತ ಮ್ಯಾಲಿನವರು ತೆಗದು ಹಾಕ್ತಿದ್ರು. ನಾನು ಕೈಕಾಲು ಹಿಡ್ದು, ತಾವಾಗೇ ಬಂದು ಖರೇ ಹೇಳ್ಯಾರ ಅಂತ ತಿರುವಿ ಹೇಳೀನಿ. ಮನ್ಯಾಗ ವಯಸ್ಸಾದಾಕಿ ಅದಾಳ. ಇದೊಂದು ಮಾಡ್ರಿ."

ಅವಳು ಹಿಡಿದು ನಿಂತಳು. ಬಟ್ಟೆಯ ಒಂದು ಚುಂಗನ್ನು ಹಕ್ಕಿಯ ಮೇಲೆ ಎಳೆದಿದ್ದಳು. ಫೋಟೋದವನು ಬಂದು, ಹಕ್ಕಿಯ ಮುಖ ಕಾಣಲಿ ಎಂದು ಕೈಸನ್ನೆ ಮಾಡಿ, ಆ ಚುಂಗನ್ನು ತಾನೇ ಸರಿಸಿದ.

ಆ ಫೋಟೋ ಎಲ್ಲೆಲ್ಲಿಗೋ ಹೋಯಿತು. ಕಂಪನಿಯ ವರ್ಷದ ವರದಿಯ ಮೇಲೆ, ಗುಡ್ಡದ ಕೆಳಗಿನ ಬೋರ್ಡಿನ ಮೇಲೆ. ಒಂದೇ ಒಂದು ಹಕ್ಕಿಯ ಸಾವನ್ನೂ ಮುಚ್ಚಿಡದ ಕಂಪನಿ ಎಂದು ಒಕ್ಕೂಟದವರು ದೊಡ್ಡ ಸಭೆಯೊಂದರಲ್ಲಿ ಪ್ರಶಸ್ತಿ ಕೊಟ್ಟರು. ಕೊನೆಗೆ ಅದು ಊರಿನ ಮಹಿಳಾ ಸಂಘದ ಗುಂಪಿಗೂ ಬಂತು. ಯಾರೋ ಕೈಮುಗಿಯುವ ಚಿತ್ರ ಹಾಕಿದ್ದರು. ಸುಮಲತಾ ಮೊಬೈಲನ್ನು ಬೋರಲು ಹಾಕಿ ಇಟ್ಟಳು.

ಮುಬಶ್ಶಿರನನ್ನು ಸಂಸ್ಥೆ ಗದಗಿನ ಕಡೆಗೆ ಹಾಕಿತು. ಹೋಗುವ ಮುಂಚೆ ಅವನು ಮನೆಗೆ ಬಂದಿದ್ದ. ಅನ್ನದಾನಮ್ಮ ಮಂಡಾಳು ಒಗ್ಗರಣೆ ಹಾಕಿ ಕೊಟ್ಟಳು.

"ಅಲ್ಲೀನೂ ಫ್ಯಾನ್ ಅದಾವೇನಪಾ?"

"ಅದಾವಜ್ಜಿ."

"ಅಲ್ಲಿಯಾಕಿಗೂ ಗೌಜುಗ ಇಟ್ಟು ನೋಡು. ಎಲ್ಲಾರೂ ನಮ್ಮಾಕಿಯಂಗ ಹುಚ್ಚರು ಇರಂಗಿಲ್ಲ."

ಮುಬಶ್ಶಿರ ನಗಲಿಲ್ಲ. ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತಾ, "ನಾನು ಪರೀಕ್ಷಾ ಮಾಡದಿದ್ರ ನೀವು ಸುಖವಾಗಿ ಇರ್ತಿದ್ರಿ ಅಕ್ಕಾ," ಎಂದ.

"ಸುಖ ಏನು ಬಂತು. ಖಾಲಿ ಗುಂಡಿಗೆ ಹೂ ಇಡ್ತಿದ್ದೆ," ಎಂದಳು ಸುಮಲತಾ.

ಸುಗ್ಗಿ ಮುಗಿದ ಮೇಲೆ ದೊಡ್ಡ ದೊಡ್ಡ ಲಾರಿಗಳ ಮೇಲೆ ಅಲಗುಗಳು ಬಂದವು. ತಿರುವಿನಲ್ಲಿ ಅಡ್ಡವಾಯಿತೆಂದು ಇಸಾಕಸಾಬನ ಗ್ಯಾರೇಜಿನ ಮುಂದಿನ ಬೇವಿನ ಮರ ಕಡಿದರು. ಮುಂದಿನ ಸಂಕ್ರಾಂತಿಯ ಹೊತ್ತಿಗೆ ಹದ್ದಿನ ಬಂಡೆಯ ಮೇಲೆ ಎರಡನೇ ಸಾಲು ತಿರುಗುತ್ತಿತ್ತು. ಸುಮಲತಾಳಿಗೆ ಕಣಿವೆ ದಾಟಿ ಅದನ್ನೂ ನಡೆಯುವ ಕೆಲಸ ಸೇರಿತು. ಅವಳ ಫೋಟೋ ಇದ್ದ ಬೋರ್ಡನ್ನು ದಾಟಿಯೇ ಹತ್ತಬೇಕು.

ಹದ್ದು ಸಿಕ್ಕಿದ್ದು ಬಂಡೆಯ ತುದಿಯ ಫ್ಯಾನಿನ ಕೆಳಗೆ. ಅಂಗಾತ ಬಿದ್ದಿತ್ತು. ಮರಿಯ ಮೈಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಕಣ್ಣು ತೆರೆದೇ ಇತ್ತು. ಗಾಳಿ ಅದರ ಎದೆಯ ಪುಕ್ಕಗಳನ್ನು ತೆರೆದು ನೋಡಿ ಮುಚ್ಚುತ್ತಿತ್ತು.

ಸುಮಲತಾ ಮೊಬೈಲು ತೆಗೆದಳು. ಈ ಸಲ ಒತ್ತಿದಳು. ಹತ್ತಿರದಿಂದ ಒಂದು, ದೂರದಿಂದ ಒಂದು, ಫ್ಯಾನು ಕಾಣುವ ಹಾಗೆ ಒಂದು. ಎಲ್ಲವನ್ನೂ ಕಳಿಸಿದಳು. ಹೋಯಿತು ಎಂದು ಮೊಬೈಲು ತೋರಿಸುವವರೆಗೂ ನಿಂತಳು. ನೋಡಬೇಕಾದವರು ನೋಡುತ್ತಾರೆ. ಬಂಡೆಯ ಮೇಲೆ ಫ್ಯಾನುಗಳನ್ನಂತೂ ನೆಟ್ಟಾಗಿದೆ.

ಇನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋಗಬೇಕು. ಮುಟ್ಟಬಾರದು, ಸರಿಸಬಾರದು, ಮುಚ್ಚಬಾರದು. ಮುಂದಿನ ಫ್ಯಾನಿನ ಕಡೆಗೆ ಸ್ವಲ್ಪ ದೂರ ನಡೆದಳು. ಕಾಗೆಯೊಂದು ಬಂದು ಕಲ್ಲಿನ ಮೇಲೆ ಕೂತಿತು. ಇನ್ನೊಂದು ಬಂತು.

ಅವಳು ತಿರುಗಿ ಬಂದಳು. ಹಕ್ಕಿಗೂ ಸೂರ್ಯನಿಗೂ ನಡುವೆ ಜಾಗ ನೋಡಿ, ತನ್ನ ನೆರಳು ಅದರ ಮೈತುಂಬಾ ಬೀಳುವ ಹಾಗೆ ಕೂತಳು. ಚೀಲದಲ್ಲಿ ವಿಭೂತಿ ಗಟ್ಟಿ ಇತ್ತು, ತೆಗೆಯಲಿಲ್ಲ. ಅಲಗುಗಳ ನೆರಳು ಒಂದಾದ ಮೇಲೊಂದು ಅವರಿಬ್ಬರ ಮೇಲೂ ಹಾದು ಹೋಗುತ್ತಿತ್ತು.

ಹೊತ್ತು ಏರಿದ ಹಾಗೆ ಅವಳ ನೆರಳು ಗಿಡ್ಡಾಗುತ್ತಾ ಬಂತು. ಮೊದಲು ಹದ್ದಿನ ಉಗುರುಗಳು ಬಿಸಿಲಿಗೆ ಬಂದವು, ಆಮೇಲೆ ಬಾಲ. ಸುಮಲತಾ ಇನ್ನಷ್ಟು ಹತ್ತಿರಕ್ಕೆ ಸರಿದು ಕೂತಳು.